ಮಸಗುಪ್ಪಿಯಿಂದ ಮಗನ ಮನೆಗೆ ಎಷ್ಟು ದೂರ?

ಕಳೆದ ರಜೆಯಲ್ಲಿ ಮಸಗುಪ್ಪಿಗೆ ಹೋಗಿದ್ದಾಗ ಪರಿಚಯದ ಹಿರಿಯ ರೈತರೊಬ್ಬರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರು: “ಮಾಸ್ತರ, ನನ್ನ ಮಗಾ ಇರೋ ಊರು ಎಷ್ಟ ದೂರ ಐತ್ರಿ? ನಾಳೆ ಅವರ ಅವ್ವಗ ಏನಾರ ಆದ್ರ, ಎಷ್ಟೊತ್ತಿನ್ಯಾಗ ಬರ್ತಾನ್ರಿ?”

ಮಗನಿರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಾಯಿ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಕ್ಕೂ ನಡುವಣ ನೇರ ದೂರ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಎಂಬುದನ್ನು ನೆನೆದರೆ, ಇದು ಅದರ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಆದರೆ ಈ ‘ನೇರ’ವೆಂಬುದು ಗೋಡೆಯ ಭೂಪಟದಲ್ಲಿ ಕಾಣುವ ನೇರವಲ್ಲ. ನಾನು ಅಂಗಳದಲ್ಲಿದ್ದ ಕುಂಬಳಕಾಯಿಯೊಂದನ್ನು ತರಿಸಿದೆ. ತೊಟ್ಟೇ ಉತ್ತರಧ್ರುವ, ಎರಡು ಬದಿಗೆ ಎರಡು ಸುಣ್ಣದ ಬೊಟ್ಟು. ನಡುವೆ ದಾರವನ್ನು ಬಿಗಿಯಾಗಿ ಎಳೆದಾಗ ಅದು ಹೊಟ್ಟೆಯನ್ನು ಬಳಸದೆ ತೊಟ್ಟಿನ ಕಡೆಗೇ ಸರಿಯಿತು. ವಿಮಾನದ ದಾರಿಯ ಗುಟ್ಟೂ ಇದೇ.

2021ರ ಜನವರಿ 9ರ ಶನಿವಾರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರಧ್ರುವದ ಮೇಲೆ ಹಾದು, ಎಲ್ಲಿಯೂ ಇಳಿಯದೆ ಬೆಂಗಳೂರನ್ನು ತಲುಪಿತು. ಜೋಯಾ ಅಗರ್ವಾಲ್ ಅವರ ಮುಂದಾಳುತನದಲ್ಲಿ ಅದನ್ನು ನಡೆಸಿದವರೆಲ್ಲರೂ ಮಹಿಳಾ ಚಾಲಕರು. ಹಾರಾಟಕ್ಕೆ ಹಿಡಿದದ್ದು ಸುಮಾರು 17 ಗಂಟೆ. ಆದರೂ ಅವರು ದೇವನಹಳ್ಳಿಯಲ್ಲಿ ಇಳಿದದ್ದು 11ರ ಸೋಮವಾರದ ಬೆಳಗಿನ ಜಾವ! ಎರಡು ಊರುಗಳ ಗಡಿಯಾರಕ್ಕೆ ಚಳಿಗಾಲದಲ್ಲಿ ಹದಿಮೂರುವರೆ ಗಂಟೆಗಳ ಅಂತರವಿರುವುದರಿಂದ ನಡುವಣ ಭಾನುವಾರ ಆಕಾಶದಲ್ಲಿಯೇ ಕರಗಿಹೋಗಿತ್ತು.

ಹೋಗುವಾಗಿನ ಸಮಯವೇ ಬರುವಾಗಲೂ ಹಿಡಿಯುವುದಿಲ್ಲ. ವಿಮಾನ ಹಾರುವ ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಬಿರುಗಾಳಿಯ ಹೊಳೆಯೊಂದು ಹರಿಯುತ್ತದೆ. ಪೆಸಿಫಿಕ್ ಸಾಗರದ ಮೇಲೆ ಮೂಡಣಕ್ಕೆ ಹೋಗುವ ವಿಮಾನಕ್ಕೆ ಅದು ಬೆನ್ನುಗಾಳಿ. ತಿರುಗಿ ಬರುವುದಕ್ಕೆ ಎದುರುಗಾಳಿ. ಹೊಳೆಗೆದುರಾಗಿ ಈಜುವವನ ಕಷ್ಟವನ್ನು ನಮ್ಮ ಘಟಪ್ರಭೆಯ ದಂಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುದುಕರು ಎಲ್ಲವನ್ನೂ ಕೇಳಿ, “ಹಂಗಾದ್ರ ಹದಿನೇಳ ತಾಸಿಗೆ ಬರ್ತಾನನ್ರಿ?” ಎಂದರು.

ಇಲ್ಲಿಯೇ ನನ್ನ ಪಾಂಡಿತ್ಯ ತಡವರಿಸಿತು. ಹಾರುವ ಮೊದಲು ನಿಲ್ದಾಣದಲ್ಲಿ ಮೂರು ತಾಸು. ಇಳಿದ ಮೇಲೆ ತಪಾಸಣೆಗೆ, ಸಾಮಾನಿಗೆ ಎರಡು ತಾಸು. ಅಲ್ಲಿಂದ ಮಸಗುಪ್ಪಿಗೆ 500 ಕಿ.ಮೀ.ಗೂ ಮಿಕ್ಕಿದ ಹಾದಿ. ಸಾಂಬ್ರಾಕ್ಕೆ ಹೋಗುವ ವಿಮಾನ ಸಿಕ್ಕರೆ ಭಾಗ್ಯ. ಸಿಗದಿದ್ದರೆ ಬಸ್ಸಿನಲ್ಲಿಯೋ, ಘಟಪ್ರಭಾ ನಿಲ್ದಾಣದವರೆಗೆ ರೈಲಿನಲ್ಲಿಯೋ ಒಂದು ರಾತ್ರಿ. ಕೂಡಿಸಿದರೆ ಒಂದೂವರೆ ದಿನ. ಅದೂ ಸುದ್ದಿ ಮುಟ್ಟಿದ ಗಳಿಗೆಯಲ್ಲಿಯೇ ಟಿಕೀಟು ದೊರೆತು, ನೇರ ವಿಮಾನವೇ ಸಿಕ್ಕರೆ. ನಡುವೆ ಬೇರೆ ಊರಿನಲ್ಲಿ ಇಳಿದು ಹತ್ತಬೇಕಾದರೆ ಇನ್ನೂ ಅರ್ಧ ದಿನ. ಹಳ್ಳಿಯಲ್ಲಿ ಮಣ್ಣುಕೊಡುವ ಕಾರ್ಯ ಅಷ್ಟು ಹೊತ್ತು ಕಾಯುವುದಿಲ್ಲ.

ನಾನು ಮುಚ್ಚಿಡದೆ ಲೆಕ್ಕವನ್ನು ಹೇಳಿದೆ. ಅವರು ಕುಂಬಳಕಾಯಿಯ ದಾರವನ್ನು ಬಿಚ್ಚಿ ಬೆರಳಿಗೆ ಸುತ್ತುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಏನಾರ ಆದಮ್ಯಾಲ ಬಾ ಅಂದ್ರ ಮುಟ್ಟಾಂಗಿಲ್ರಿ, ಮಾಸ್ತರ. ಆಕಿ ಮಾತಾಡೂತನಾನs ಬಂದು ಹೋಗಂತ ಇವತ್ತs ಫೋನ್ ಮಾಡ್ತೀನ್ರಿ” ಎಂದು ಒಳಗೆ ಹೋದರು.

ದೂರವನ್ನು ಅಳೆಯುವುದು ನಮ್ಮ ಶಾಸ್ತ್ರ. ಹೊರಡುವ ಹೊತ್ತನ್ನು ಅರಿತವರು ಅವರು.