ಬದುಕಿರುವಾಗಲೇ ಸಲ್ಲಬೇಕಾದ ವಂದನೆ

ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಮುಂಜಾನೆಯ ಬಲಿಪೂಜೆಗೆ ಮುನ್ನವೇ ಬಂದು ದೇವಾಲಯದ ಬಾಗಿಲು ತೆರೆಯುವವರೊಬ್ಬರು ಇರುತ್ತಾರೆ. ಬಲಿಪೀಠದ ವಸ್ತ್ರಗಳನ್ನು ಒಗೆದು ಮಡಿಸಿಡುವ ತಾಯಂದಿರು, ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಉಪದೇಶಿಗಳು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಧಾವಿಸುವ ನೆರೆಯವರು ಇರುತ್ತಾರೆ. ಇಪ್ಪತ್ತು ಮೂವತ್ತು ವರ್ಷ ನಮ್ಮೊಡನೆ ದುಡಿದ ಇಂಥವರ ಗುಣಗಾನವನ್ನು ನಾವು ಮನಬಿಚ್ಚಿ ಮಾಡುವುದು ಬಹುಮಟ್ಟಿಗೆ ಒಂದೇ ದಿನ, ಅವರ ಅಂತ್ಯಕ್ರಿಯೆಯ ದಿನ. ಅಂದು ಅದನ್ನು ಊರೆಲ್ಲ ಕೇಳುತ್ತದೆ. ಕೇಳಬೇಕಾದವರು ಮಾತ್ರ ಕೇಳಲಾರರು.

ಈ ವಿಷಯದಲ್ಲಿ ಸಂತ ಪೌಲರು ನಮಗೆ ಬೇರೆಯ ಹಾದಿಯನ್ನು ತೋರಿದ್ದಾರೆ. ರೋಮನರಿಗೆ ಅವರು ಬರೆದ ಪತ್ರದ 16ನೆಯ ಅಧ್ಯಾಯವನ್ನು ಬರಿಯ ಹೆಸರುಗಳ ಪಟ್ಟಿಯೆಂದು ಬಗೆದು ನಾವು ದಾಟಿಬಿಡುತ್ತೇವೆ. ಅಲ್ಲಿ 20ಕ್ಕೂ ಹೆಚ್ಚು ಮಂದಿಯನ್ನು ಹೆಸರಿಟ್ಟು ವಂದಿಸಲಾಗಿದೆ. ರೂಫನ ತಾಯಿಯನ್ನು ಪೌಲರು ತಮಗೂ ತಾಯಿಯೆಂದು ನೆನೆಯುತ್ತಾರೆ. ಆ ಪಟ್ಟಿಯ ಮೊದಲಿಗೇ ಬರುವವರು ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ದಂಪತಿಗಳು.

ಅಕ್ವಿಲ ಮೂಲತಃ ಪೊಂತ ಪ್ರಾಂತ್ಯದವನು. ಚಕ್ರವರ್ತಿ ಕ್ಲೌದಿಯನು ಯೆಹೂದ್ಯರನ್ನು ರೋಮ್ ನಗರದಿಂದ ಹೊರಡಿಸಿದಾಗ, ಸುಮಾರು ಕ್ರಿ.ಶ. 49ರಲ್ಲಿ, ಈ ದಂಪತಿಗಳು ನೆಲೆ ಕಳೆದುಕೊಂಡು ಕೊರಿಂಥಕ್ಕೆ ಬಂದರು. ಪೌಲರಂತೆ ಅವರದೂ ಗುಡಾರ ಮಾಡುವ ಕಸುಬು. ಒಂಟಿಯಾಗಿ ಬಂದ ಪೌಲರಿಗೆ ಅವರು ತಮ್ಮ ಮನೆಯಲ್ಲೇ ಇಂಬು ಕೊಟ್ಟರು, ಜೊತೆಯಲ್ಲಿ ಕೂತು ದುಡಿದರು. ಪೌಲರು ಎಫೆಸಕ್ಕೆ ಹೊರಟಾಗ ತಾವೂ ಹಡಗು ಹತ್ತಿದರು.

ಎಫೆಸದಲ್ಲಿ ಅಪೊಲ್ಲೋಸನೆಂಬ ವಾಗ್ಮಿಯ ಬೋಧನೆಯಲ್ಲಿ ಅವರಿಗೆ ಒಂದು ಕೊರತೆ ಕಂಡಿತು. ಸಭೆಯ ನಡುವೆ ಅವನನ್ನು ಅವರು ತಲೆತಗ್ಗಿಸುವಂತೆ ಮಾಡಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನಷ್ಟು ಸ್ಪಷ್ಟವಾಗಿ ವಿವರಿಸಿದರು. ಅವರ ಮನೆಯಲ್ಲಿಯೇ ಭಕ್ತರು ಕೂಡುತ್ತಿದ್ದರು. ಪ್ರತಿಯೊಂದು ಮನೆಯೂ ಒಂದು ಪುಟ್ಟ ಧರ್ಮಸಭೆಯಾಗಬಲ್ಲದೆಂಬುದನ್ನು ಈ ದಂಪತಿಗಳಿಂದ ಕಲಿಯಬಹುದೆಂದು ಪೋಪ್ ಹದಿನಾರನೆಯ ಬೆನೆಡಿಕ್ಟರು 2007ರ ಫೆಬ್ರವರಿ 7ರಂದು ತಮ್ಮ ಉಪದೇಶದಲ್ಲಿ ಹೇಳಿದರು.

ಇವರನ್ನು ಪೌಲರು ವಂದಿಸಿದ ರೀತಿಯನ್ನು ಗಮನಿಸೋಣ. ಮೊದಲನೆಯದಾಗಿ, ಅವರು ತಮ್ಮ ಸಹೋದ್ಯೋಗಿಗಳೆನ್ನುತ್ತಾರೆ, ಕೈಕೆಳಗಿನವರೆನ್ನುವುದಿಲ್ಲ. ಎರಡನೆಯದಾಗಿ, ತಮ್ಮ ಪ್ರಾಣ ಉಳಿಸಲು ಅವರು ಕೊರಳೊಡ್ಡಿದರೆಂದು ನೆನೆದು, ಪಡೆದ ಉಪಕಾರವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಮೂರನೆಯದಾಗಿ, ಸಭೆಯ ಮುಂದೆ ಓದಿ ಹೇಳಬೇಕಾದ ಪತ್ರದಲ್ಲಿಯೇ ಇದನ್ನು ಬರೆಯುತ್ತಾರೆ. ಪ್ರಿಸ್ಕಿಲ್ಲ ಮತ್ತು ಅಕ್ವಿಲ ಆಗ ರೋಮ್ ನಗರದಲ್ಲಿಯೇ ಇದ್ದರು. ತಮ್ಮ ಕಿವಿಯಿಂದಲೇ ಅವರು ಆ ಮಾತುಗಳನ್ನು ಕೇಳಿರಬೇಕು. ಹೊಸ ಒಡಂಬಡಿಕೆಯಲ್ಲಿ ಇವರ ಹೆಸರುಗಳು ಆರು ಬಾರಿ ಬರುತ್ತವೆ. ನಾಲ್ಕು ಬಾರಿ ಹೆಂಡತಿಯ ಹೆಸರೇ ಮೊದಲು. ದುಡಿದ ಹೆಣ್ಣುಮಕ್ಕಳನ್ನು ಅಂದಿನ ಸಭೆ ಮರೆಯಲಿಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ.

ಹೊಗಳಿದರೆ ಅಹಂಕಾರ ಬಂದೀತೆಂದು ಕೆಲವರು ಅಂಜುತ್ತಾರೆ. ದೇವರು ನೋಡುತ್ತಾನೆ, ಅಷ್ಟು ಸಾಲದೇ ಎನ್ನುವವರೂ ಇದ್ದಾರೆ. ದೇವರು ನೋಡುವುದು ನಿಜ. ಆದರೆ ಪ್ರಭುವು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಮರಳಿ ಬಂದು ವಂದಿಸಿದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಅವರೇ ಕೇಳಿದರಲ್ಲವೇ? ಸೇವೆ ಮಾಡುವವರು ಸನ್ಮಾನ ಬಯಸಿ ಬಂದವರಲ್ಲ. ಆದರೂ ವರ್ಷಗಟ್ಟಲೆ ಒಂದು ಒಳ್ಳೆಯ ಮಾತನ್ನೂ ಕೇಳದ ಜೀವ ಒಳಗೊಳಗೇ ದಣಿಯುತ್ತದೆ. ಅವರು ಸದ್ದಿಲ್ಲದೆ ಹಿಂದೆ ಸರಿದ ಮೇಲೆ ನಾವು ಕಾರಣ ಹುಡುಕುತ್ತೇವೆ.

ಈ ಭಾನುವಾರ ಬಲಿಪೂಜೆ ಮುಗಿದ ಬಳಿಕ ಮನೆಗೆ ಧಾವಿಸದೆ ಒಂದು ಗಳಿಗೆ ನಿಲ್ಲೋಣ. ನಮ್ಮೊಡನೆ ಬಹುಕಾಲ ದುಡಿದ ಒಬ್ಬರ ಬಳಿಗೆ ಮಕ್ಕಳನ್ನೂ ಕರೆದೊಯ್ದು, ಅವರ ಹೆಸರು ಹಿಡಿದು, ಅವರು ಮಾಡಿದ ಯಾವ ಉಪಕಾರ ನಮಗೆ ನೆನಪಿದೆಯೆಂಬುದನ್ನು ಹೇಳೋಣ. ಹೂಮಾಲೆಗೂ ಸಮಾಧಿಯ ಬಳಿಯ ಭಾಷಣಕ್ಕೂ ಅದನ್ನು ಮೀಸಲಿಡುವುದು ಬೇಡ.