ಹುತ್ತದ ಅಣಬೆಯೂ ಬೆಳ್ಳಿಯ ಚಮಚವೂ

ಮುಂಗಾರಿನ ಗುಡುಗು ಮೊಳಗಿದರೆ ಅಣಬೆ ಏಳುತ್ತದೆ ಎಂಬುದು ನಮ್ಮ ಮಲೆನಾಡಿನ ನಂಬಿಕೆ. ಮೇಘದ ಗರ್ಜನೆಗೆ ಭೂಮಿ ಅಣಬೆಗಳನ್ನು ತಳೆಯುತ್ತದೆಂದು ಕಾಳಿದಾಸನೂ 'ಮೇಘದೂತ'ದಲ್ಲಿ ಹೇಳಿದ್ದಾನೆ. ಆದರೆ ಎದ್ದ ಅಣಬೆಗಳಲ್ಲಿ ಯಾವುದು ಅಡುಗೆಮನೆಗೆ ಬರಬಹುದು, ಯಾವುದು ಬರಬಾರದು ಎಂಬುದಕ್ಕೆ ಕಾವ್ಯದಲ್ಲಿ ಉತ್ತರವಿಲ್ಲ. ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ಪಾಠ ಕಲಿತವರಲ್ಲಿ ನಾನೂ ಒಬ್ಬ.

ನನ್ನ ಅಜ್ಜಿ ಅಣಬೆ ಕೀಳುತ್ತಿದ್ದುದು ತೋಟದಂಚಿನ ಎರಡು ಹುತ್ತಗಳ ಬಳಿ ಮಾತ್ರ. ಬೇರೆಡೆ ಎಷ್ಟೇ ಚೆಲುವಾದ ಕೊಡೆ ಬಿಚ್ಚಿ ನಿಂತಿದ್ದರೂ "ಅದು ನಾಯಿಕೊಡೆ, ಮುಟ್ಟಬೇಡ" ಎನ್ನುತ್ತಿದ್ದಳು. ಇದನ್ನು ಹಳಬರ ಅಂಜಿಕೆಯೆಂದೇ ನಾನು ಎಣಿಸಿದ್ದೆ.

ಹುತ್ತದ ಅಣಬೆಯ ಬಾಳು ಸೋಜಿಗದ್ದು. ಗೆದ್ದಲುಗಳು ಒಣ ಎಲೆ, ಕಟ್ಟಿಗೆಗಳನ್ನು ತಿಂದು, ತಮ್ಮ ಮಲದಿಂದ ನೆಲದೊಳಗೆ ಜೇನಿನ ಎರಿಯನ್ನು ಹೋಲುವ ಗೂಡು ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ನೆಲ ನೆನೆದಾಗ ಆ ಶಿಲೀಂಧ್ರವೇ ಮಣ್ಣು ಸೀಳಿ ಮೇಲೇರಿ ಕೊಡೆ ಬಿಚ್ಚುತ್ತದೆ. ಫ್ರಾನ್ಸಿನ ವಿಜ್ಞಾನಿ ರೋಜೆ ಹೈಮ್ 1942ರಲ್ಲಿ ಈ ಕುಲಕ್ಕೆ 'ಟರ್ಮಿಟೊಮೈಸಿಸ್' ಎಂದು ಹೆಸರಿಟ್ಟರು. ಗೆದ್ದಲಿನ ಶಿಲೀಂಧ್ರ ಎಂದೇ ಅದರ ಅರ್ಥ. ಕೊಡೆಯ ನಡುವೆ ಮೊನಚಾದ ತುದಿ, ಗೆದ್ದಲಿನ ಗೂಡಿನವರೆಗೂ ಇಳಿಯುವ ಬೇರಿನಂಥ ಉದ್ದನೆಯ ಕಾಲು ಇದರ ಗುರುತು.

ವೃತ್ತಿಯ ನಿಮಿತ್ತ ಪಟ್ಟಣ ಸೇರಿದ ಮೇಲೆ, ಒಂದು ಮಳೆಗಾಲ, ಮನೆಯ ಮುಂದಿನ ಹುಲ್ಲಿನಲ್ಲಿ ಬಿಳಿಯ ದೊಡ್ಡ ಅಣಬೆಗಳೆದ್ದವು. ಹತ್ತಿರದಲ್ಲಿ ಹುತ್ತವಿರಲಿಲ್ಲ. ವಿಷವಿದ್ದರೆ ಬೆಳ್ಳಿ ಕಪ್ಪಾಗುತ್ತದೆಂದು ಕೇಳಿದ್ದೆ. ಬೇಯುವ ಪಾತ್ರೆಯಲ್ಲಿ ಬೆಳ್ಳಿಯ ಚಮಚವಿಟ್ಟೆವು. ಅದು ಹೊಳೆಯುತ್ತಲೇ ಇತ್ತು. ಉಂಡ ಎರಡು ಗಂಟೆಯೊಳಗೆ ಮನೆಮಂದಿಗೆಲ್ಲ ವಾಂತಿಭೇದಿ. ಎಂಟು ವರ್ಷದ ಮಗಳನ್ನು ನಡುರಾತ್ರಿ ಆಸ್ಪತ್ರೆಗೆ ಹೊತ್ತೊಯ್ದೆ. ಮಗು ಉಳಿಯಿತು.

ಅಡುಗೆಗೆ ಸೇರದೆ ಉಳಿದಿದ್ದ ಅಣಬೆಯೊಂದನ್ನು ಸಸ್ಯಶಾಸ್ತ್ರದ ಸಹೋದ್ಯೋಗಿಗೆ ಒಪ್ಪಿಸಿದೆ. ಅವರು ಕಾಲನ್ನು ಕತ್ತರಿಸಿ, ಕೊಡೆಯ ಅಡಿಯ ಹಾಳೆಯಂಥ ಪದರಗಳು ಕೆಳಗಾಗುವಂತೆ ಬಿಳಿಯ ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿದರು. ಬೆಳಗಾಗುವಷ್ಟರಲ್ಲಿ ಕಾಗದದ ಮೇಲೆ ಮಾಸಲು ಹಸಿರು ಬೀಜಾಣುಗಳ ಪುಡಿ ಉದುರಿತ್ತು. ಅದು 'ಕ್ಲೋರೊಫಿಲಮ್ ಮಾಲಿಬ್ಡೈಟೀಸ್'. ಎಳೆಯದಾಗಿದ್ದಾಗ ಪದರಗಳೂ ಬಿಳಿಯಾಗಿರುವುದರಿಂದ ನೋಡುವವರು ಮೋಸಹೋಗುತ್ತಾರೆ. ಹುತ್ತದ ಅಣಬೆಯಾಗಿದ್ದರೆ ಪುಡಿ ನಸುಗೆಂಪಾಗಿರುತ್ತಿತ್ತು.

ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳು ತಾಗಿದಾಗ. ಅಣಬೆಯ ವಿಷವನ್ನು ಅದು ತೋರಿಸಿಕೊಡಲಾರದು. ಹುಳು ಕಚ್ಚಿದ್ದು ನಿರಪಾಯವೆಂಬುದೂ ಸುಳ್ಳು. ವಿಷದ ಅಣಬೆಯನ್ನು ಮೇದ ಬಸವನಹುಳು ಸುಖವಾಗಿರುತ್ತದೆ. ಬೇಯಿಸಿದರೆ ವಿಷ ಹೋಗುತ್ತದೆಂಬ ನಂಬಿಕೆಯಂತೂ ಪ್ರಾಣಕ್ಕೇ ಕುತ್ತು. 'ಅಮಾನಿಟಾ' ಕುಲದ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಕುದಿಸಿದರೂ ಒಣಗಿಸಿದರೂ ಕೆಡದು. ಉಂಡ ಮೇಲೆ ಸಾಮಾನ್ಯವಾಗಿ 6ರಿಂದ 24 ಗಂಟೆ ಏನೂ ತೋರದು. ಆಮೇಲೆ ವಾಂತಿಭೇದಿ ಹಿಡಿದು, ಮತ್ತೆ ಸುಧಾರಿಸಿದಂತೆ ಕಾಣುತ್ತದೆ. ಆ ಹುಸಿ ನೆಮ್ಮದಿಯ ವೇಳೆಯಲ್ಲೇ ಯಕೃತ್ತು ನಾಶವಾಗುತ್ತಿರುತ್ತದೆ. ಇಂಥ ಅಣಬೆಗಳಿಗೆ ಬಿಳಿಯ ಪದರ, ಕಾಲಿಗೆ ಉಂಗುರ, ಬುಡದಲ್ಲಿ ಚೀಲದಂಥ ಕವಚ ಇರುವುದುಂಟು. ಮಳೆಗೆ ಉಂಗುರ ಕಳಚಿಹೋಗಬಹುದು; ಕವಚ ಮಣ್ಣಿನಲ್ಲಿ ಹೂತಿರುತ್ತದೆ. ಮೇಲಿನಿಂದ ಮುರಿದುಕೊಂಡವನಿಗೆ ಎರಡೂ ಕಾಣವು.

ವಿಷದ ಅಣಬೆಗಳಿಗೆಲ್ಲ ಸಮಾನವಾದ ಒಂದು ಲಕ್ಷಣವಿಲ್ಲ. ನಾನು ವಿಷದ ಗುರುತನ್ನು ಹುಡುಕಿದೆ, ಸಿಗಲಿಲ್ಲವೆಂದು ಉಂಡೆ. ಅಜ್ಜಿ ಹಾಗೆ ಮಾಡಲಿಲ್ಲ. ತನಗೆ ತಿಳಿದ ಒಂದನ್ನು ನೆಲ, ಕಾಲ, ಬೇರುಗಳ ಸಹಿತ ಗುರುತಿಸಿದಳು, ಉಳಿದುದನ್ನೆಲ್ಲ ಬಿಟ್ಟಳು. ಅದು ಅಂಜಿಕೆಯಲ್ಲ, ವಿವೇಕ. ಕೇಳುಗರಲ್ಲಿ ನನ್ನದೊಂದು ಬಿನ್ನಹ: ಅಣಬೆ ಉಂಡ ಮೇಲೆ ತೊಂದರೆ ಕಂಡರೆ ಗುಣವಾದೀತೆಂದು ಕಾಯದಿರಿ; ಮಿಕ್ಕ ಅಣಬೆಯನ್ನು ಜೊತೆಗಿಟ್ಟುಕೊಂಡೇ ವೈದ್ಯರಲ್ಲಿಗೆ ಹೋಗಿ.

ಅಜ್ಜಿಯ ಹುತ್ತಗಳಲ್ಲಿ ಒಂದನ್ನು ಯಂತ್ರ ತಂದು ಸಮ ಮಾಡಿದ್ದಾರೆ. ಇನ್ನೊಂದರ ಬಳಿಗೆ ಮೊಮ್ಮಗನನ್ನು ಕರೆದೊಯ್ದು, ಬುಡ ಮುರಿಯದಂತೆ ಅಗೆಯುವುದನ್ನು ತೋರಿಸಿದೆ.

"ಹಾಗಾದರೆ ಉಳಿದವೆಲ್ಲ ನಾಯಿಕೊಡೆಯೇ, ಅಜ್ಜ?" ಎಂದು ಕೇಳಿದ.

"ನಮಗೆ ತಿಳಿಯುವವರೆಗೂ ಹೌದು" ಎಂದೆ.

(ಬಾನುಲಿ ಭಾಷಣ)