ಮೂವತ್ತು ಪರ್ಸೆಂಟ್ ಮಳೆ ಅಂದ್ರೆ ರಾಗಿ ಕೊಯ್ಯಬಹುದಾ?

ಫೋನಿನಲ್ಲಿ ಹವಾಮಾನದ ಆ್ಯಪ್ ತೆರೆದರೆ ಒಂದು ಮೋಡ, ಕೆಳಗೆ ಎರಡು ಹನಿ, ಪಕ್ಕದಲ್ಲಿ 30% ಅಂತ ಇರುತ್ತೆ. ಇದರ ಅರ್ಥ ಏನು ಅಂತ ಒಮ್ಮೆ ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳಿದೆ. ಒಬ್ಬ ‘ದಿನದ ಮೂವತ್ತು ಭಾಗ ಹೊತ್ತು ಮಳೆ’ ಅಂದ. ಇನ್ನೊಬ್ಬಳು ‘ಊರಿನ ಮೂವತ್ತು ಭಾಗಕ್ಕೆ ಮಳೆ’ ಅಂದಳು. ಮೂರನೆಯವನು ‘ಬರಲ್ಲ ಅಂತ ಅರ್ಥ, ಧೈರ್ಯವಾಗಿ ಬೈಕ್ ತಗೊಂಡು ಹೋಗು’ ಅಂದ. ಮೂವರೂ ಎಂಜಿನಿಯರುಗಳೇ!

ಅಸಲಿಗೆ ಅದು ಇಷ್ಟೇ: ಇವತ್ತಿನಂಥದೇ ಪರಿಸ್ಥಿತಿ ಇರುವ ಹತ್ತು ದಿನ ತೆಗೆದುಕೊಂಡರೆ, ಸುಮಾರು ಮೂರು ದಿನ ಆ ಜಾಗದಲ್ಲಿ ಮಳೆ ಬೀಳುತ್ತೆ. ಜೋರೋ ತುಂತುರೋ, ಎಷ್ಟು ಹೊತ್ತು ಅನ್ನೋದನ್ನು ಈ ಸಂಖ್ಯೆ ಹೇಳೋದೇ ಇಲ್ಲ.

ನನಗೆ ಈ ಲೆಕ್ಕ ಬೇಕಾಗಿದ್ದು ಬೈಕಿಗಲ್ಲ, ರಾಗಿಗೆ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಹೊಲ. ಜುಲೈ ಕೊನೆಗೆ ಬಿತ್ತಿದ ಜಿಪಿಯು-28 ರಾಗಿ 110–115 ದಿನಕ್ಕೆ, ಅಂದರೆ ನವೆಂಬರ್ ಮಧ್ಯಕ್ಕೆ ಕಟಾವಿಗೆ ಬರುತ್ತೆ. ಕೊಯ್ದ ಮೇಲೆ ಪೈರು ಮೂರ್ನಾಲ್ಕು ದಿನ ಹೊಲದಲ್ಲೇ ಒಣಗಬೇಕು, ಆಮೇಲೆ ಹೊರೆ ಕಟ್ಟಿ ಮೆದೆ ಒಟ್ಟೋದು. ನೆಲದ ಮೇಲೆ ಮಲಗಿರುವ ಆ ಮೂರ್ನಾಲ್ಕು ದಿನದಲ್ಲಿ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ, ಹುಲ್ಲು ಕಪ್ಪು. 2021ರ ನವೆಂಬರ್‌ನಲ್ಲಿ ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು ಕಡೆ ಎಲ್ಲ ಇದೇ ಆಗಿದ್ದು. ಆ ವರ್ಷದ್ದನ್ನು ನೋಡಿದವರಿಗೆ ನವೆಂಬರ್ ಬಂತು ಅಂದರೆ ಈಗಲೂ ಆಕಾಶದ ಮೇಲೇ ಕಣ್ಣು.

ನವೆಂಬರ್‌ನಲ್ಲಿ ಮಳೆ ಯಾಕೆ ಅಂತೀರಾ? ಮುಂಗಾರು ಜೂನ್‌ನಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ಬರುತ್ತೆ. ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆದು ಗಾಳಿ ಮೇಲೇರುತ್ತೆ, ತಣ್ಣಗಾಗುತ್ತೆ, ನೀರನ್ನೆಲ್ಲ ಅಲ್ಲೇ ಸುರಿಯುತ್ತೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು. ಘಟ್ಟ ದಾಟಿ ನಮ್ಮ ಬಯಲುಸೀಮೆಗೆ ಬರುವಷ್ಟರಲ್ಲಿ ಗಾಳಿಯ ಜೇಬು ಅರ್ಧ ಖಾಲಿ. ಅದಕ್ಕೇ ಜೂನ್–ಜುಲೈನಲ್ಲಿ ಮಂಗಳೂರಿನವರು ಕೊಡೆ ಮಡಚದೇ ಇದ್ದರೂ ದೇವನಹಳ್ಳಿಯಲ್ಲಿ ಬರೀ ಮೋಡ, ಗಾಳಿ, ಒಂದಿಷ್ಟು ಜಿಟಿಜಿಟಿ. ನಮ್ಮ ಕಡೆ ಮಳೆಗೆ ಎರಡು ಕಾಲ: ಮೇ ತಿಂಗಳ ಗುಡುಗು ಮಳೆ ಒಂದು, ಸೆಪ್ಟೆಂಬರ್–ಅಕ್ಟೋಬರ್ ಇನ್ನೊಂದು. ಅಕ್ಟೋಬರ್ ಹೊತ್ತಿಗೆ ಗಾಳಿ ದಿಕ್ಕು ತಿರುಗಿಸಿ ಬಂಗಾಳ ಕೊಲ್ಲಿಯಿಂದ ಬೀಸೋಕೆ ಶುರು ಮಾಡುತ್ತೆ. ಅದೇ ಹಿಂಗಾರು. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯ್ತು ಅಂದರೆ ಚೆನ್ನೈ ಆದಮೇಲೆ ಮುಂದಿನ ಸರದಿ ಹೊಸಕೋಟೆ, ದೇವನಹಳ್ಳಿಯದು. ಟಿವಿಯಲ್ಲಿ ‘ತಮಿಳುನಾಡು ಕರಾವಳಿ’ ಅಂದ ತಕ್ಷಣ ನಮ್ಮಪ್ಪ ಸೌಂಡ್ ಜಾಸ್ತಿ ಮಾಡೋದು ಇದಕ್ಕೇ.

ಕೊಲ್ಲಿಯ ಈ ದೊಡ್ಡ ವ್ಯವಸ್ಥೆಗಳು ಎಷ್ಟೋ ವಾಸಿ. ನೂರಾರು ಕಿಲೋಮೀಟರ್ ಅಗಲ ಇರುತ್ತವೆ, ಉಪಗ್ರಹಕ್ಕೆ ಕಾಣುತ್ತವೆ, ಎರಡು–ಮೂರು ದಿನ ಮೊದಲೇ ಸುಳಿವು ಕೊಡುತ್ತವೆ. ತಲೆನೋವು ಮೇ ತಿಂಗಳ ಸಂಜೆಯ ಮಳೆ. ಬಿಸಿಲಿಗೆ ನೆಲ ಕಾಯುತ್ತೆ, ನೆಲದ ಮೇಲಿನ ತೇವದ ಗಾಳಿ ಹಗುರಾಗಿ ಏರುತ್ತೆ, ಮೇಲೆ ಆವಿ ಹನಿಯಾಗುವಾಗ ಒಳಗಿದ್ದ ಶಾಖ ಹೊರಗೆ ಬಂದು ಅದೇ ಗಾಳಿಯನ್ನು ಇನ್ನೂ ಮೇಲಕ್ಕೆ ನೂಕುತ್ತೆ. ಒಲೆಯ ಮೇಲಿನ ಹಾಲು ಉಕ್ಕಿದ ಹಾಗೆ. ಇಂಥ ಒಂದೊಂದು ಮೋಡ ಕೆಲವೇ ಕಿಲೋಮೀಟರ್ ಅಗಲ, ಆಯಸ್ಸು ಹೆಚ್ಚುಕಮ್ಮಿ ಒಂದು ಗಂಟೆ. ಹೊಸಕೋಟೆಯಲ್ಲಿ ರಸ್ತೆ ಹಳ್ಳವಾಗಿರುವಾಗ ನೆಲಮಂಗಲದಲ್ಲಿ ಧೂಳು ಏಳುತ್ತಿರೋದು ಇದರಿಂದಲೇ.

ಈಗ ಕಂಪ್ಯೂಟರ್ ಕಡೆಗೆ ಬರೋಣ, ಅದು ನನ್ನ ಏರಿಯಾ. ಹವಾಮಾನದ ಮಾಡೆಲ್ ಇಡೀ ಭೂಮಿಯ ವಾತಾವರಣವನ್ನು ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕಕ್ಕೂ ಉಷ್ಣಾಂಶ, ಒತ್ತಡ, ಗಾಳಿ, ತೇವ ಇಟ್ಟುಕೊಂಡು ಮುಂದಿನ ಕ್ಷಣವನ್ನು ಲೆಕ್ಕ ಹಾಕುತ್ತಾ ಹೋಗುತ್ತೆ. ಆರಂಭದ ಸಂಖ್ಯೆಗಳು ಉಪಗ್ರಹ, ವಿಮಾನ, ಹಡಗುಗಳಿಂದ ಬರುತ್ತವೆ. ಜೊತೆಗೆ ಜಗತ್ತಿನ ನೂರಾರು ಕಡೆ ಒಂದೇ ಹೊತ್ತಿಗೆ ಹಾರಿಬಿಡುವ ಬಲೂನುಗಳಿಂದ. ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ 5.30 ಮತ್ತು ಸಂಜೆ 5.30. ಭಾರತದ ಜಾಗತಿಕ ಮಾಡೆಲ್‌ನಲ್ಲಿ ಚೌಕದ ಅಳತೆ 12 ಕಿ.ಮೀ. ಇತ್ತು. 2025ರ ಮೇ ತಿಂಗಳಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಅದನ್ನು 6 ಕಿ.ಮೀ.ಗೆ ಇಳಿಸಿತು. ಒಳ್ಳೆಯ ಸುದ್ದಿಯೇ. ಆದರೂ 36 ಚದರ ಕಿ.ಮೀ.ಗೆ ಒಂದು ಸಂಖ್ಯೆ ಅಂದರೆ ನಾಲ್ಕಾರು ಹಳ್ಳಿಗಳಿಗೆ ಒಂದೇ ಪಿಕ್ಸೆಲ್. ಆ ಪಿಕ್ಸೆಲ್ ಒಳಗೆ ನಮ್ಮ ಹೊಲಕ್ಕೆ ಬೀಳುತ್ತಾ, ಪಕ್ಕದೂರಿಗೆ ಬೀಳುತ್ತಾ ಅಂತ ಮಾಡೆಲ್‌ಗೆ ಗೊತ್ತಾಗೋದು ಹೇಗೆ? ನಿಮ್ಮ ಬೀದಿಯ ಹೆಸರು ಹಾಕಿ ನಿಮಿಷದ ಲೆಕ್ಕ ಕೊಡುವ ಆ್ಯಪ್‌ಗಳನ್ನು ನಾನು ನಂಬಲ್ಲ.

ಚೌಕ ಚಿಕ್ಕದಾದರೂ ಇನ್ನೊಂದು ತೊಂದರೆ ಇದೆ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಡ್ವರ್ಡ್ ಲೊರೆನ್ಜ್ ಒಂದು ಪುಟ್ಟ ಹವಾಮಾನ ಪ್ರೋಗ್ರಾಂ ಓಡಿಸುತ್ತಿದ್ದರು. ಅರ್ಧದಿಂದ ಮತ್ತೆ ಶುರು ಮಾಡೋಕೆ ಹಳೇ ಪ್ರಿಂಟ್ ನೋಡಿ ಸಂಖ್ಯೆ ಟೈಪ್ ಮಾಡಿ ಕಾಫಿಗೆ ಹೋದರು. ಬಂದು ನೋಡಿದರೆ ಫಲಿತಾಂಶ ಪೂರ್ತಿ ಬೇರೆ! ಯಂತ್ರದೊಳಗೆ 0.506127 ಇದ್ದದ್ದು ಪ್ರಿಂಟ್‌ನಲ್ಲಿ 0.506 ಅಂತ ಬಂದಿತ್ತು, ಅಷ್ಟೇ ವ್ಯತ್ಯಾಸ. ಕೋಡ್ ಬರೆಯುವವರಿಗೆ ಈ ಕಥೆ ಕೇಳಿದರೆ ಮೈ ಜುಮ್ ಅನ್ನಬೇಕು. ಇದಾದ ಮೇಲೆ ವಿಜ್ಞಾನಿಗಳು ಒಂದೇ ಉತ್ತರ ಹುಡುಕೋದನ್ನು ಬಿಟ್ಟು, ಆರಂಭದ ಸಂಖ್ಯೆಗಳನ್ನು ಚೂರು ಚೂರು ಬದಲಿಸಿ ಮಾಡೆಲ್ ಅನ್ನು ಹತ್ತಾರು ಸಲ ಓಡಿಸೋದನ್ನು ಕಲಿತರು. ಅವುಗಳಲ್ಲಿ ಎಷ್ಟರಲ್ಲಿ ಮಳೆ ಬಂತು ಅಂತ ಎಣಿಸಿದರೆ, ಆ ಶೇಕಡಾವಾರಿಗೆ ಅದೇ ಮೂಲ.

ಹೋದ ನವೆಂಬರ್‌ನಲ್ಲಿ ಅಪ್ಪ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಬರ್ತದೋ ಬರಲ್ವೋ, ಅಷ್ಟ್ ಹೇಳು.” ಕೊಯ್ಯೋ ಆಳುಗಳು ಮರುದಿನ ಬರೋರಿದ್ದರು. ಮುಂದಿನ ಮೂರು ದಿನಕ್ಕೆ 30% ಇತ್ತು. ‘ಮೂವತ್ತು ಪರ್ಸೆಂಟ್’ ಅಂದರೆ ಅವರಿಗೆ ಅದು ಉತ್ತರವೇ ಅಲ್ಲ. ಹಾಗಾಗಿ ಲೆಕ್ಕ ತಿರುಗಿಸಿ ಹಾಕಿದೆವು. ನಾಲ್ಕು ದಿನ ತಡ ಮಾಡಿದರೆ ಬೇರೆ ಆಳು ಹುಡುಕಬೇಕು, ಕೂಲಿ ಹೆಚ್ಚು ಕೊಡಬೇಕು, ಒಂದಿಷ್ಟು ಕಾಳು ಉದುರುತ್ತೆ. ಎಲ್ಲ ಸೇರಿ 4 ಸಾವಿರ ಅಂತಿಟ್ಟುಕೊಂಡೆವು. ಕೊಯ್ದು ನೆನೆದರೆ ಕಾಳು, ಹುಲ್ಲು ಸೇರಿ 40 ಸಾವಿರ. ನಾಲ್ಕನ್ನು ನಲವತ್ತರಿಂದ ಭಾಗಿಸಿದರೆ 10%. ಮಳೆಯ ಸಾಧ್ಯತೆ ಹತ್ತಕ್ಕಿಂತ ಹೆಚ್ಚಿದ್ದರೆ ಕಾಯೋದೇ ಲಾಭ. ಹವಾಮಾನ ಓದುವವರು ಇದಕ್ಕೆ ವೆಚ್ಚ–ನಷ್ಟದ ಲೆಕ್ಕ ಅಂತಾರೆ. ಅಪ್ಪ ‘ಕುರಿ ವ್ಯಾಪಾರದ ಲೆಕ್ಕ’ ಅಂದರು. ಕಾದೆವು.

ಮೂರು ದಿನವೂ ಸುಡು ಬಿಸಿಲು. ನಾಲ್ಕು ಕಿಲೋಮೀಟರ್ ಆಚೆ ಒಂದು ಹದ ಮಳೆ ಆಯಿತಂತೆ, ನಮ್ಮಲ್ಲಿ ಹನಿ ಇಲ್ಲ. ಆಳು ಸಿಕ್ಕಿದ್ದು ಇನ್ನೊಂದು ವಾರ ಬಿಟ್ಟು. ಅಪ್ಪ ಎರಡು ದಿನ ಫೋನಲ್ಲಿ ಮಾತೇ ಕಮ್ಮಿ ಮಾಡಿದರು. ಆದರೂ ನಾಳೆ ಮತ್ತೆ ಅದೇ ಸಂಖ್ಯೆ ಬಂದರೆ ನಾನು ಕಾಯಿರಿ ಅಂತಲೇ ಹೇಳೋದು. ಹತ್ತರಲ್ಲಿ ಏಳು ಸಲ ಬಿಸಿಲೇ ಇರಬೇಕಲ್ಲ, ಇದು ಆ ಏಳರಲ್ಲಿ ಒಂದು.

ಅಪ್ಪನ ಲೆಕ್ಕ ಮಳೆ ನಕ್ಷತ್ರದ್ದು. ಭರಣಿ, ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಒಂದೊಂದಕ್ಕೂ ಹದಿಮೂರು–ಹದಿನಾಲ್ಕು ದಿನ. ಇದನ್ನು ಮೂಢನಂಬಿಕೆ ಅನ್ನೋರ ಜೊತೆ ನನ್ನ ತಕರಾರಿದೆ. ಸೂರ್ಯ ವರ್ಷದಲ್ಲಿ 27 ನಕ್ಷತ್ರ ದಾಟುವ ಲೆಕ್ಕ ಅದು. ಅಂದರೆ ವರ್ಷವನ್ನು 27 ಭಾಗ ಮಾಡಿ, ತಲೆಮಾರುಗಳ ಅನುಭವವನ್ನು ಅದರೊಳಗೆ ತುಂಬಿಟ್ಟ ಕ್ಯಾಲೆಂಡರ್. ಅದು ಹೇಳೋದು ಹವಾಗುಣವನ್ನು, ಆ್ಯಪ್ ಹೇಳೋದು ಹವೆಯನ್ನು. ಹವಾಗುಣ ಅಂದರೆ ಕನಿಷ್ಠ 30 ವರ್ಷದ ಸರಾಸರಿ ನಡತೆ, ಹವೆ ಅಂದರೆ ಇವತ್ತಿನ ಮೂಡ್. ಒಂದು ಕೊರತೆ ಇದೆ: ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 72 ವರ್ಷಕ್ಕೆ ಒಂದು ದಿನ ಜಾರುತ್ತೆ, ಸಾವಿರ ವರ್ಷಕ್ಕೆ ಒಂದು ಇಡೀ ಮಳೆ ನಕ್ಷತ್ರವೇ ಹಿಂದೆ ಬೀಳುತ್ತೆ. ಹಾಗಾಗಿ ಬಹಳ ಹಳೆಯ ಮಾತುಗಳನ್ನು ತಾರೀಖಿನ ಸಮೇತ ನಂಬೋಕೆ ಆಗಲ್ಲ.

ಚಳಿಗಾಲದಲ್ಲಿ ಬೆಳಗಿನ ಫ್ಲೈಟ್ ಹಿಡಿಯುವವರಿಗೆ ದೇವನಹಳ್ಳಿಯ ಮಂಜು ಗೊತ್ತಿರುತ್ತೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತೆ, ಅದಕ್ಕೆ ತಾಗಿದ ಗಾಳಿಯ ತೇವ ಹನಿಗಟ್ಟುತ್ತೆ. ಯಾವ ರಾತ್ರಿ ಕವಿಯುತ್ತೆ ಅಂತ ಹೇಳೋದು ಸುಲಭವಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಏರ್‌ಪೋರ್ಟಿನಲ್ಲೇ ಉಪಕರಣ ಇಟ್ಟು ಇದನ್ನು ಅಭ್ಯಾಸ ಮಾಡಿದ್ದಾರೆ.

ಊರಲ್ಲಿ ಹೊಲ ಇರುವವರು ಫೋನಿನ ಜೊತೆಗೇ ಬಂದ ಆ್ಯಪ್ ಬಿಟ್ಟು ‘ಮೇಘದೂತ್’ ಹಾಕಿಕೊಳ್ಳಿ, ಕನ್ನಡದಲ್ಲೇ ಇದೆ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳೆಗೆ ಸಂಬಂಧಿಸಿದ ಸಲಹೆ ಬರುತ್ತೆ. ಸಿಡಿಲಿಗೆ ‘ದಾಮಿನಿ’. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ, 15 ನಿಮಿಷಕ್ಕೊಮ್ಮೆ ಅವು ಲೆಕ್ಕ ಕಳಿಸುತ್ತವೆ. ಅವರ ‘ವರುಣಮಿತ್ರ’ ಸಹಾಯವಾಣಿಗೆ ರೈತರು ಹಗಲೂ ರಾತ್ರಿ ಫೋನ್ ಮಾಡಿ ಕೇಳಬಹುದು.

ಅಳತೆ ಮನೆಯಲ್ಲೂ ಮಾಡಬಹುದು. ಬಾಯಿ, ತಳ ಒಂದೇ ಅಗಲ ಇರುವ ಡಬ್ಬಿ, ಒಂದು ಸ್ಕೇಲ್, ಮರದಿಂದ ದೂರದ ಬಯಲು ಜಾಗ, ಇಷ್ಟು ಸಾಕು. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್. 25 ಮಿ.ಮೀ. ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್, ಅಂದರೆ 6 ಸಾವಿರ ಲೀಟರಿನ 17 ಟ್ಯಾಂಕರ್! ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತೆ, ನೀವೂ ಅದೇ ಹೊತ್ತಿಗೆ ಓದಿದರೆ ಹೋಲಿಸೋಕೆ ಅನುಕೂಲ. ಅಪ್ಪನೂ ಈ ಮುಂಗಾರಿನಿಂದ ಶುರು ಮಾಡಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಡೇರಿ ಹಾಲಿನ ಲೀಟರ್ ಬರೆಯುವ ಚೌಕದಲ್ಲೇ ಪಕ್ಕಕ್ಕೆ ಮಿಲಿಮೀಟರ್ ಬರೆಯುತ್ತಾರೆ, ಕೆಂಪು ಪೆನ್ನಿನಲ್ಲಿ.